ಮನೆಯ ಹಿರಿಯರಿಗೆ ಮರೆವು: ಪರೀಕ್ಷೆಯಿಂದ ಸಂಶೋಧನೆಯವರೆಗೆ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೊಂದು ಮಾರ್ಗದರ್ಶಿ

ನಮ್ಮ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಮೊದಲನೆಯದು: "ಅವ್ವ ಒಂದೇ ಮಾತು ಹತ್ತು ಸಲ ಕೇಳ್ತಾಳೆ. ಇದು ವಯಸ್ಸಿಂದಾ, ಕಾಯಿಲೆನಾ? ಎಲ್ಲಿಗೆ ಕರಕೊಂಡು ಹೋಗಬೇಕು?" ಎರಡನೆಯದು: "ಸಂಶೋಧನೆಗೆ ಸೇರಿಸ್ತೀರಾ ಅಂತ ಆಸ್ಪತ್ರೆಯವರು ಕೇಳಿದ್ರು. ಸೇರಿಸಬಹುದಾ?"

ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಕಾಯಿಲೆ ಬೇಗ ಗೊತ್ತಾದರೆ ಸಂಶೋಧನೆಗೆ ಸೇರಬೇಕೋ ಬೇಡವೋ ಎಂದು ನಿಮ್ಮ ಅವ್ವನೇ ಹೇಳಬಲ್ಲರು. ತಡವಾದರೆ ಆ ಮಾತನ್ನು ನೀವು ಅವರ ಪರವಾಗಿ ಹೇಳಬೇಕಾಗುತ್ತದೆ. ಬರೀ ಸಂಶೋಧನೆಯಷ್ಟೇ ಅಲ್ಲ, ಹೊಲ, ಬ್ಯಾಂಕು, ಔಷಧ, ಎಲ್ಲದರಲ್ಲೂ ಇದೇ ಕಥೆ.

ಡಿಮೆನ್ಶಿಯಾ ಎಂದರೆ ನೆನಪು, ಮಾತು, ಲೆಕ್ಕ, ದಾರಿ ಗುರುತಿಸುವುದು, ಯೋಚಿಸಿ ತೀರ್ಮಾನ ಮಾಡುವುದು ಮುಂತಾದವು ಕುಗ್ಗುತ್ತಾ ಹೋಗಿ ದಿನದ ಕೆಲಸಕ್ಕೆ ಅಡ್ಡಿಯಾಗುವ ಸ್ಥಿತಿ. ಅದಕ್ಕೆ ಕಾರಣಗಳು ಹಲವು. ಹೆಚ್ಚಾಗಿ ಕಾಣುವುದು ಅಲ್ಝೈಮರ್ ಕಾಯಿಲೆ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಬರುವುದೂ ಇದೆ. ಬಿಪಿ, ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಅದರ ಭಯ ಜಾಸ್ತಿ. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶವ್ಯಾಪಿ ಅಧ್ಯಯನದ ಅಂದಾಜು. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚು ಕಂಡಿತು. ಅಂದರೆ ಹಳ್ಳಿಯ ಅಜ್ಜಿಯರಿಗೇ ಇದರ ಭಾರ ಜಾಸ್ತಿ, ಆಸ್ಪತ್ರೆಗೆ ಕೊನೆಗೆ ಬರುವವರೂ ಅವರೇ. "ಅರವತ್ತಕ್ಕೆ ಅರಳು ಮರಳು" ಎಂದು ಬಿಟ್ಟುಬಿಡುವುದನ್ನು ದಯವಿಟ್ಟು ನಿಲ್ಲಿಸಿ.

1. ಮೊದಲು ತುರ್ತು ಇದೆಯಾ ನೋಡಿ

ಗೊಂದಲ ಹೇಗೆ ಶುರುವಾಯಿತು? ತಿಂಗಳುಗಟ್ಟಲೆ ನಿಧಾನವಾಗಿ ಬಂದಿದ್ದರೆ ಮುಂದಿನ ಹಂತಕ್ಕೆ ಹೋಗಿ. ಗಂಟೆಗಳಲ್ಲಿ ಅಥವಾ ಎರಡು ಮೂರು ದಿನದಲ್ಲಿ ಬಂದಿದ್ದರೆ ಅದು ಬೇರೆ. ನಿನ್ನೆ ಸರಿಯಿದ್ದವರು ಇವತ್ತು ಮಂಕಾಗಿದ್ದಾರೆ, ಇಲ್ಲದ್ದನ್ನು ಕಾಣುತ್ತಿದ್ದಾರೆ, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಗದ್ದಲ ಎಂದರೆ ಅದನ್ನು ಡೆಲಿರಿಯಂ ಎನ್ನುತ್ತಾರೆ. ಮೈಯಲ್ಲಿ ಬೇರೇನೋ ಕೆಟ್ಟಿರುವುದರಿಂದ ಮಿದುಳು ತಾತ್ಕಾಲಿಕವಾಗಿ ದಿಕ್ಕು ತಪ್ಪಿರುವ ಸ್ಥಿತಿ ಇದು. ಉಚ್ಚೆಯ ಸೋಂಕು, ನ್ಯುಮೋನಿಯಾ, ಶುಗರ್ ಇಳಿದದ್ದು, ರಕ್ತದಲ್ಲಿ ಸೋಡಿಯಂ ಕಮ್ಮಿಯಾದದ್ದು ಕಾರಣವಾಗಿರಬಹುದು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಕಮ್ಮಿ ಕುಡಿದರೂ ಸಾಕು, ವಯಸ್ಸಾದವರಿಗೆ ಹೀಗಾಗುತ್ತದೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಖ ಓರೆಯಾಗಿದ್ದರೆ, ಒಂದು ಕಡೆಯ ಕೈಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು. ಒಂದು ನಿಮಿಷವೂ ತಡಮಾಡದೆ 108ಕ್ಕೆ ಕರೆ ಮಾಡಿ.

ಇಲ್ಲಿ ಆಗುವ ತಪ್ಪು: ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಒಂದು ಸಲಾಯಿನ್ ಹಾಕಿಸಿ ಎರಡು ದಿನ ಕಾಯುವುದು. ಈ ಎರಡು ಸಂದರ್ಭದಲ್ಲೂ ಆ ಕಾಯುವಿಕೆ ದುಬಾರಿ.

2. ಏನು ಬದಲಾಗಿದೆ ಎಂದು ಬರೆದಿಡಿ

ಡಾಕ್ಟರಿಗೆ ನಿಮ್ಮ ಮನೆಯ ಹಿರಿಯರನ್ನು ನೋಡಲು ಸಿಗುವುದು ಕೆಲವು ನಿಮಿಷ. ಅಷ್ಟರಲ್ಲಿ ಅಜ್ಜ ನಗುನಗುತ್ತಾ "ನಂಗೇನಾಗೇತಿ, ಆರಾಮಿದ್ದೀನಿ" ಅಂದುಬಿಡುತ್ತಾರೆ. ಹಾಗಾಗಿ ನಿಮ್ಮ ಚೀಟಿಯೇ ಮುಖ್ಯ ಸಾಕ್ಷಿ.

"ಮರೆವು ಜಾಸ್ತಿ" ಎಂದು ಬರೆದರೆ ಪ್ರಯೋಜನವಿಲ್ಲ. ಮೊದಲು ಮಾಡುತ್ತಿದ್ದು ಈಗ ಮಾಡಲಾಗದ ಕೆಲಸ ಯಾವುದು ಎಂದು ಬರೆಯಿರಿ. ಜೋಳದ ರೊಟ್ಟಿ ಬಡಿಯುವಾಗ ಹಿಟ್ಟಿಗೆ ನೀರೆಷ್ಟು ಎಂದು ತಡವರಿಸುತ್ತಾರಾ? ಒಲೆ ಮೇಲೆ ಇಟ್ಟದ್ದನ್ನು ಮರೆಯುತ್ತಾರಾ? ಹೊಲದಿಂದ ಮನೆಗೆ ಬರುವ ದಾರಿ ತಪ್ಪಿತಾ? ಪಿಂಚಣಿ ದುಡ್ಡು ಎಣಿಸಲು ಆಗುತ್ತಾ? ಭತ್ತ ಮಾರಿದ ಲೆಕ್ಕ ಹೇಳುತ್ತಿದ್ದವರು ಈಗ ಸುಮ್ನೆ ಕೂರುತ್ತಾರಾ? ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆಯುವುದು ಎಲ್ಲರಿಗೂ ಆಗುವಂಥದ್ದು. ಮೊಮ್ಮಗಳು ಯಾರೆಂದೇ ಗೊತ್ತಾಗದಿರುವುದು ಬೇರೆ.

ನೆನಪಿಗಿಂತ ಮೊದಲು ಸ್ವಭಾವ ಬದಲಾಗುವುದೂ ಉಂಟು. ಸೊಸೆ ದುಡ್ಡು ಕದ್ದಳು ಎಂಬ ಅನುಮಾನ, ಸಿಟ್ಟು, ನಾಚಿಕೆ ಬಿಟ್ಟ ಮಾತು. ಎಷ್ಟೋ ಮನೆಗಳಲ್ಲಿ ಇದು ಅತ್ತೆ ಸೊಸೆಯ ಜಗಳವೆಂದೇ ವರ್ಷಗಟ್ಟಲೆ ನಡೆಯುತ್ತದೆ. ಆ ಸೊಸೆಗಾಗಿಯಾದರೂ ಇದನ್ನು ಚೀಟಿಯಲ್ಲಿ ಬರೆಯಿರಿ.

ಯಾವಾಗಿನಿಂದ ಎಂದು ಕೇಳಿದರೆ ತಾರೀಖು ಯಾರಿಗೂ ನೆನಪಿರುವುದಿಲ್ಲ, ಹಬ್ಬ ಜಾತ್ರೆ ನೆನಪಿರುತ್ತದೆ. ಹೋದ ವರ್ಷ ಗವಿಸಿದ್ಧೇಶ್ವರ ಜಾತ್ರೆಗೆ ಒಬ್ಬರೇ ಹೋಗಿ ಬಂದಿದ್ದರಾ? ಹುಲಿಗೆಮ್ಮನ ಜಾತ್ರೆಯಲ್ಲಿ ಕಳೆದುಹೋಗಿದ್ದರಾ? ಹೀಗೆ ಹಿಡಿದು ಬಂದರೆ ತಿಂಗಳು ಸಿಗುತ್ತದೆ.

ಗುಳೆ ಹೋದ ಮನೆಗಳಿಗೆ ಒಂದು ಮಾತು. ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿದ್ದು ಆರು ತಿಂಗಳಿಗೊಮ್ಮೆ ಊರಿಗೆ ಬರುವ ಮಗನಿಗೆ ಬದಲಾವಣೆ ಥಟ್ಟನೆ ಕಾಣುತ್ತದೆ. ದಿನಾ ಜೊತೆಗಿರುವವರಿಗೆ ಅದು ಅಭ್ಯಾಸವಾಗಿರುತ್ತದೆ. ಆದರೆ ದಿನದ ವಿವರ ಗೊತ್ತಿರುವುದು ಜೊತೆಗಿರುವವರಿಗೇ. ಇಬ್ಬರೂ ಮಾತಾಡಿಕೊಂಡು ಒಂದೇ ಚೀಟಿ ಬರೆಯಿರಿ.

3. ಎಲ್ಲಿಗೆ ಹೋಗಬೇಕು

ನೇರವಾಗಿ ಬೆಂಗಳೂರಿಗೆ ರೈಲು ಹತ್ತಬೇಡಿ. ಮೊದಲ ಸುತ್ತಿನ ಪರೀಕ್ಷೆ ಹೆಚ್ಚಿನದು ಇಲ್ಲೇ ಆಗುತ್ತದೆ.

ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರು ಮಾಡಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಹೋಗುವ ಮುಂಚೆ ಆ ವಾರ ಇದೆಯಾ ಎಂದು ಕೇಳಿಕೊಳ್ಳಿ. ಜಿಲ್ಲಾ ಮಟ್ಟದಲ್ಲಿ ಬಳ್ಳಾರಿಯ ವೈದ್ಯಕೀಯ ಕಾಲೇಜು (ಜನ ಈಗಲೂ ವಿಮ್ಸ್ ಎನ್ನುವುದು), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಬ್ರೈನ್ ಹೆಲ್ತ್ ಕ್ಲಿನಿಕ್ ಬಂದಿವೆ. ಚೀಟಿ ಮಾಡಿಸುವ ಕೌಂಟರಿನಲ್ಲಿ "ಮರೆವಿನ ಕಾಯಿಲೆಗೆ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ?" ಎಂದೇ ಕೇಳಿ. ಬರೀ "ತಲೆ ತೋರಿಸಬೇಕು" ಎಂದರೆ ಬೇರೆ ಸಾಲಿಗೆ ಕಳಿಸಿಬಿಡುತ್ತಾರೆ.

ಮನೋವೈದ್ಯರ ಹತ್ತಿರ ಹೋದರೆ ಜನ ಏನಂದುಕೊಳ್ಳುತ್ತಾರೆ ಎಂಬ ಸಂಕೋಚ ಬೇಡ. ಹಳ್ಳಿಯ ಆರೋಗ್ಯ ಕೇಂದ್ರದ ಮೂಲಕವೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲೇ. ಆ "ಬಳ್ಳಾರಿ ಮಾದರಿ"ಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ದೇಶಕ್ಕೆ ದಾರಿ ತೋರಿಸಿದ ನೆಲ ಇದು.

ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಇಲ್ಲಿ ತೀರ್ಮಾನವಾಗದಿದ್ದರೆ, ಅಥವಾ ವಯಸ್ಸು 65ಕ್ಕಿಂತ ಕಮ್ಮಿಯಿದ್ದರೆ, ರೆಫರಲ್ ಚೀಟಿ ಪಡೆದು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ. ಕೊಪ್ಪಳದವರಿಗೆ ಧಾರವಾಡ ಹತ್ತಿರ. ರಾಯಚೂರಿನ ಎಷ್ಟೋ ಜನ ಹೈದರಾಬಾದಿಗೆ ಹೋಗುತ್ತಾರೆ, ಅದೂ ಸರಿಯೇ. ಎಲ್ಲಿಗೆ ಹೋದರೂ ಹಳೆಯ ಕಾಗದ ಜೊತೆಗಿರಲಿ.

4. ಚೀಲದಲ್ಲಿ ಏನಿರಬೇಕು

ನೀವು ಬರೆದ ಚೀಟಿ. ಆಧಾರ್, ರೇಷನ್ ಕಾರ್ಡ್. ಹಳೆಯ ರಿಪೋರ್ಟು, ಸ್ಕ್ಯಾನ್ ಫಿಲ್ಮು. ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು. ಕಿವಿ ಕೇಳದವರು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅದನ್ನು ಮರೆವು ಎಂದು ಬರೆದುಕೊಳ್ಳುವ ಅಪಾಯವಿದೆ.

ಎಲ್ಲಕ್ಕಿಂತ ಮುಖ್ಯ, ಅವರು ನುಂಗುವ ಎಲ್ಲ ಗುಳಿಗೆಗಳು. ಹೆಸರು ಬರೆದುಕೊಂಡು ಹೋಗಬೇಡಿ, ಗುಳಿಗೆಗಳನ್ನೇ ಒಯ್ಯಿರಿ. ನಾಟಿ ಔಷಧ, ಅಂಗಡಿಯಲ್ಲಿ ಕೇಳಿ ತಂದ ನಿದ್ದೆ ಗುಳಿಗೆ, ನೆಗಡಿಗೆ ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್ ಥರದವು, ಎಲ್ಲ. ಕೆಲವು ಮಾತ್ರೆಗಳು ವಯಸ್ಸಾದವರ ನೆನಪನ್ನು ಮಂಕು ಮಾಡುತ್ತವೆ. ಅವನ್ನು ನಿಲ್ಲಿಸಿದ ಮೇಲೆ ಚೇತರಿಸಿಕೊಂಡವರಿದ್ದಾರೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಲಿ. ಕುಡಿಯುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ.

5. ಪರೀಕ್ಷೆಯ ದಿನ

ಮೂರು ಭಾಗ ಇರುತ್ತದೆ.

ಮೊದಲನೆಯದು ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್. ಥೈರಾಯ್ಡ್, ವಿಟಮಿನ್ ಬಿ12, ಶುಗರ್, ಸೋಡಿಯಂ, ಕಿಡ್ನಿ, ಲಿವರ್ ನೋಡುತ್ತಾರೆ. ಬೇಕೆನಿಸಿದರೆ ಸಿಫಿಲಿಸ್, ಎಚ್‌ಐವಿ ಕೂಡ. ಬಿ12 ಕಮ್ಮಿಯಾಗಿದ್ದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಮಾಡಬಹುದು. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯುತ್ತದೆ, ಅವರಿಗೆ ಈ ಪರೀಕ್ಷೆ ತಪ್ಪಿಸಬೇಡಿ. ವಾರಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತಾ? ಹೇಳಿ. ಮಿದುಳಿನ ಮೇಲ್ಪದರದಲ್ಲಿ ರಕ್ತ ಹೆಪ್ಪುಗಟ್ಟಿ ನಿಧಾನಕ್ಕೆ ಗೊಂದಲ ತರುತ್ತದೆ, ಅದನ್ನು ಆಪರೇಷನ್ ಮಾಡಿ ತೆಗೆಯಬಹುದು. ಕಾಲು ನೆಲಕ್ಕೆ ಅಂಟಿದಂತೆ ನಡೆಯುವುದು, ಉಚ್ಚೆ ತಡೆಯಲಾಗದಿರುವುದು, ಮರೆವು, ಈ ಮೂರೂ ಒಟ್ಟಿಗಿದ್ದರೆ ಮಿದುಳಿನೊಳಗೆ ನೀರು ತುಂಬಿರಬಹುದು. ಅದಕ್ಕೂ ಚಿಕಿತ್ಸೆಯಿದೆ. ಬೇಗ ಬನ್ನಿ ಎಂದು ಇಷ್ಟು ಒತ್ತಿ ಹೇಳುವುದು ಇಂಥ ಕಾರಣಗಳಿಗಾಗಿಯೇ.

ಎರಡನೆಯದು ಮನಸ್ಸಿನ ಪರೀಕ್ಷೆ. ಖಿನ್ನತೆ, ಅಂದರೆ ತಿಂಗಳುಗಟ್ಟಲೆ ಬಿಡದ ಬೇಸರ, ಮರೆವಿನಂತೆಯೇ ಕಾಣುತ್ತದೆ. ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಶುರುವಾಗಿದ್ದರೆ ಅದನ್ನು ಹೇಳಿ.

ಮೂರನೆಯದು ನೆನಪಿನ ಪರೀಕ್ಷೆ. ನಮ್ಮ ಭಾಗದಲ್ಲಿ ಜಾಸ್ತಿ ಎಡವುವುದು ಇಲ್ಲಿಯೇ. ಎಂಎಂಎಸ್‌ಇ ಎಂಬ 30 ಅಂಕದ ಪರೀಕ್ಷೆಯಲ್ಲಿ ಓದುವ, ಬರೆಯುವ, ಕಳೆಯುವ ಲೆಕ್ಕದ ಪ್ರಶ್ನೆಗಳಿವೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಗೆ ಮರೆವಿಲ್ಲದಿದ್ದರೂ ಅದರಲ್ಲಿ ಅಂಕ ಕಮ್ಮಿ ಬರುತ್ತದೆ. ಗಡಿಯಾರ ಬಿಡಿಸಿ ಎಂದರೆ ಪೆನ್ನು ಹಿಡಿಯದ ಕೈ ಏನು ಮಾಡಬೇಕು? ಓದು ಬರಹವಿಲ್ಲದವರಿಗೆಂದೇ ಹೊಂದಿಸಿದ ಪರೀಕ್ಷೆಗಳಿವೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ರೂಪಿಸಿದ ಎಚ್‌ಎಂಎಸ್‌ಇ ಅಂಥದ್ದು. ದಿನದ ಕೆಲಸಗಳ ಬಗ್ಗೆ ಮನೆಯವರನ್ನು ಕೇಳುವ ಪ್ರಶ್ನಾವಳಿಯೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ಮಲಯಾಳಂ ಜೊತೆಗೆ ಕನ್ನಡದಲ್ಲೂ ತೆಲುಗಿನಲ್ಲೂ ಇದೆ. ಹಾಗಾಗಿ ಮೊದಲೇ ಹೇಳಿ: "ಇವರು ಓದಿಲ್ಲ, ಮನೆಯಲ್ಲಿ ತೆಲುಗು ಮಾತಾಡ್ತಾರೆ." ಉರ್ದು, ಲಂಬಾಣಿ ಮನೆಮಾತಿನವರೂ ಇದನ್ನು ಹೇಳಲೇಬೇಕು. ಕೇಳಲು ಹಿಂಜರಿಯಬೇಡಿ, ಇದು ನಿಮ್ಮ ಹಕ್ಕು.

ಪರೀಕ್ಷೆ ನಡೆಯುವಾಗ ಪಕ್ಕದಿಂದ ಉತ್ತರ ಹೇಳಿಕೊಡಬೇಡಿ. ಅವ್ವ ನಿಮ್ಮ ಮುಖ ನೋಡುತ್ತಾರೆ, ಪಾಪ ಅನಿಸುತ್ತದೆ, ಗೊತ್ತು. ಆದರೂ ಸುಮ್ಮನಿರಿ. ನೀವು ಹೇಳಬೇಕಾದದ್ದನ್ನು ಅವರಿಲ್ಲದಾಗ ಡಾಕ್ಟರಿಗೆ ಬೇರೆಯಾಗಿ ಹೇಳಿ. ಅವರೆದುರೇ ಅವರ ತಪ್ಪುಗಳ ಪಟ್ಟಿ ಓದಿದರೆ ಮತ್ತೆ ಆಸ್ಪತ್ರೆಗೆ ಬರಲು ಒಪ್ಪುವುದಿಲ್ಲ.

6. ಡಿಮೆನ್ಶಿಯಾ ಎಂದು ಗೊತ್ತಾದ ಮೇಲೆ

ಅವರಿಗೆ ಹೇಳಬೇಕಾ? ನನ್ನ ಅಭಿಪ್ರಾಯದಲ್ಲಿ ಹೇಳಬೇಕು, ಅವರಿಗೆ ಅರ್ಥವಾಗುವಷ್ಟು, ಡಾಕ್ಟರ ಬಾಯಿಂದ, ಸಮಾಧಾನವಾಗಿ. ತನಗೇನೋ ಆಗುತ್ತಿದೆ ಎಂದು ಅವರಿಗೆ ಮೊದಲೇ ಅನಿಸಿರುತ್ತದೆ. ಹೆಸರು ಸಿಕ್ಕರೆ ಎಷ್ಟೋ ಜನಕ್ಕೆ ಭಯ ಕಮ್ಮಿಯಾಗುತ್ತದೆ.

ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕೆಲವರಲ್ಲಿ ಒಂದಷ್ಟು ಕಾಲ ಲಕ್ಷಣ ಹಿಡಿದಿಡುತ್ತವೆ. ಡೊನೆಪೆಜಿಲ್‌ನಿಂದ ವಾಕರಿಕೆ, ಭೇದಿ ಆಗಬಹುದು, ನಾಡಿ ನಿಧಾನವಾಗಬಹುದು. ತಲೆ ಸುತ್ತಿ ಬಿದ್ದರೆ ತಕ್ಷಣ ತಿಳಿಸಿ. ಗದ್ದಲ ಮಾಡುತ್ತಾರೆಂದು ಯಾರೋ ಬರೆದುಕೊಟ್ಟ ಹೆಲೋಪೆರಿಡಾಲ್ ಥರದ ಮಾತ್ರೆಯನ್ನು ನೀವಾಗಿಯೇ ಮುಂದುವರಿಸಬೇಡಿ. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಇರುವವರಿಗೆ ಅದು ಜೀವಕ್ಕೇ ಅಪಾಯ ತರಬಹುದು. ಇಲ್ಲದ ಮನುಷ್ಯರನ್ನೋ ಪ್ರಾಣಿಗಳನ್ನೋ ಕಾಣುವುದು, ಕೈಕಾಲು ಬಿಗಿಯಾಗುವುದು ಅದರ ಗುರುತು.

ಬಿಪಿ, ಶುಗರ್, ಕಿವಿ, ಕಣ್ಣಿನ ಪೊರೆ, ಇವನ್ನೆಲ್ಲ ಸರಿಮಾಡಿಸಿ. ಕ್ರಿಮಿನಾಶಕದ ಡಬ್ಬಿಗಳಿಗೆ ಇವತ್ತೇ ಬೀಗ ಹಾಕಿ.

ಪಹಣಿ, ಬ್ಯಾಂಕ್ ನಾಮಿನಿ, ಉಯಿಲು, ಇವು ಅವರ ಬುದ್ಧಿ ಸ್ವಾಧೀನದಲ್ಲಿ ಇರುವಾಗಲೇ ಅವರ ಇಷ್ಟದಂತೆ ಆಗಲಿ. ಅರ್ಥವಾಗದ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಮುಂದೆ ಅಣ್ಣತಮ್ಮಂದಿರ ಕೋರ್ಟ್ ಕೇಸಿಗೆ ದಾರಿಯಾಗುತ್ತದೆ.

7. ಸಂಶೋಧನೆ ಎಂದರೆ ಏನೇನು

ಸಂಶೋಧನೆ ಎಂದ ಕೂಡಲೇ ಹೊಸ ಇಂಜೆಕ್ಷನ್ ಚುಚ್ಚುತ್ತಾರೆ ಎಂದೇ ಎಲ್ಲರ ಭಯ. ಎಷ್ಟೋ ಅಧ್ಯಯನಗಳಲ್ಲಿ ಔಷಧವೇ ಇರುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ರಕ್ತ ತೆಗೆಯುತ್ತಾರೆ, ಸ್ಕ್ಯಾನ್ ಮಾಡುತ್ತಾರೆ, ಸ್ವಲ್ಪ ಕಾಲದ ಮೇಲೆ ಮತ್ತೆ ಕರೆಯುತ್ತಾರೆ. ಇದು ಗಮನಿಸುವ ಅಧ್ಯಯನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಇಂಥದ್ದನ್ನು ನಡೆಸುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅದಕ್ಕಿದೆ. ಇನ್ನೊಂದು ಬಗೆಯಲ್ಲಿ ಆರೈಕೆ ಮಾಡುವವರಿಗೆ ತರಬೇತಿ ಕೊಟ್ಟು ಏನು ಬದಲಾಗುತ್ತದೆ ಎಂದು ನೋಡುತ್ತಾರೆ. ಮೂರನೆಯದು ಔಷಧ ಪ್ರಯೋಗ. ಅದರಲ್ಲಿ ಕೆಲವರಿಗೆ ನಿಜವಾದ ಔಷಧ, ಕೆಲವರಿಗೆ ಪ್ಲಸೀಬೊ, ಅಂದರೆ ನೋಡಲು ಅದರಂತೆಯೇ ಇರುವ ಔಷಧವಿಲ್ಲದ ಮಾತ್ರೆ ಸಿಗಬಹುದು. ಯಾರಿಗೆ ಯಾವುದು ಎಂದು ಸಾಮಾನ್ಯವಾಗಿ ಡಾಕ್ಟರಿಗೂ ಗೊತ್ತಿರುವುದಿಲ್ಲ. ಮರೆವಿಲ್ಲದ ಮನೆಯವರೂ ಹೋಲಿಕೆಗಾಗಿ ಕೆಲವು ಅಧ್ಯಯನಗಳಿಗೆ ಬೇಕಾಗುತ್ತಾರೆ.

ನಮ್ಮ ಕಡೆಯ ಜನ ಯಾಕೆ ಬೇಕು? ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇರುವ 648 ಜನರನ್ನು ನೋಡಿ 2013ರಲ್ಲಿ ಒಂದು ವಿಷಯ ಪ್ರಕಟಿಸಿತು. ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು. ಬೆಳಿಗ್ಗೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಉರ್ದು ಆಡುವ ಸಿರುಗುಪ್ಪ, ಮಾನ್ವಿ, ಸಿಂಧನೂರಿನ ಜನರಿಂದ ಎಷ್ಟು ಕಲಿಯಬಹುದು, ಯೋಚಿಸಿ. ಓದಿದ ಪಟ್ಟಣದವರನ್ನು ಮಾತ್ರ ನೋಡಿ ಮಾಡಿದ ಪರೀಕ್ಷೆ ನಮ್ಮ ಅಜ್ಜಿಯರಿಗೆ ಹೊಂದುವುದಿಲ್ಲ ಎಂದು ಐದನೇ ಹಂತದಲ್ಲಿ ನೋಡಿದಿರಲ್ವಾ? ನಮ್ಮವರು ಅಧ್ಯಯನಗಳಲ್ಲಿ ಇಲ್ಲದಿದ್ದರೆ ಅದು ಹಾಗೇ ಉಳಿಯುತ್ತದೆ.

ಸೇರಲು ಇಷ್ಟವಿದ್ದರೆ ನಿಮ್ಹಾನ್ಸ್, ಡಿಮ್ಹಾನ್ಸ್ ಅಥವಾ ನಿಮ್ಮ ವೈದ್ಯಕೀಯ ಕಾಲೇಜಿನ ಡಾಕ್ಟರಿಗೆ ನೀವೇ ಹೇಳಿ: "ಅಧ್ಯಯನ ಯಾವುದಾದರೂ ಇದ್ದರೆ ನಮಗೆ ತಿಳಿಸಿ." ಹೊಸ ಔಷಧಗಳ ಪ್ರಯೋಗಗಳಲ್ಲಿ ಹಲವು ಆರಂಭದ ಹಂತದಲ್ಲಿ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತವೆ. ಎಲ್ಲ ಅಧ್ಯಯನಕ್ಕೂ ಎಲ್ಲರೂ ಹೊಂದುವುದಿಲ್ಲ, ಬೇಡ ಎಂದರೆ ಬೇಸರಪಡಬೇಡಿ.

8. ಸಹಿ ಹಾಕುವ ಮುಂಚೆ

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬರದಿದ್ದರೆ ಓದಿ ಹೇಳಬೇಕು, ಆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಮನೆಗೆ ಒಯ್ದು ಯೋಚಿಸುತ್ತೇವೆ ಎನ್ನಿ. ಅವತ್ತೇ ಸಹಿ ಮಾಡಿ ಎಂದು ಅವಸರಪಡಿಸಿದರೆ ಎದ್ದು ಬನ್ನಿ.

ಕೇಳಬೇಕಾದವು ಇವು. ಎಥಿಕ್ಸ್ ಕಮಿಟಿ, ಅಂದರೆ ರೋಗಿಗಳ ಹಿತ ಕಾಯುವ ಸಮಿತಿ, ಒಪ್ಪಿದೆಯಾ? ಅದರ ಫೋನ್ ನಂಬರ್ ಪತ್ರದಲ್ಲಿದೆಯಾ? ಔಷಧ ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? ಸಿಟಿಆರ್‌ಐ ಎಂದರೆ ಐಸಿಎಂಆರ್ ನಡೆಸುವ ಪ್ರಯೋಗಗಳ ದಾಖಲೆ ಪಟ್ಟಿ, ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಈ ನೋಂದಣಿ ಕಡ್ಡಾಯ. ಎಷ್ಟು ಸಲ ಬರಬೇಕು, ಬಸ್ ಚಾರ್ಜು, ಕಳೆದುಹೋದ ಕೂಲಿ ಕೊಡುತ್ತೀರಾ? ಈಗಿನ ಮಾತ್ರೆ ನಿಲ್ಲಿಸಬೇಕಾ? ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು? 2019ರ ಹೊಸ ಔಷಧ ಮತ್ತು ಪ್ರಯೋಗಗಳ ನಿಯಮದಂತೆ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು.

ಸಂಶೋಧನೆಗೆ ಸೇರಿಸಲು ದುಡ್ಡು ಕೇಳಿದರೆ ಅದು ಸಂಶೋಧನೆಯಲ್ಲ, ವ್ಯಾಪಾರ. ಮರೆವಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಸ್ಟೆಮ್ ಸೆಲ್ ಡಿಮೆನ್ಶಿಯಾಕ್ಕೆ ಒಪ್ಪಿತ ಚಿಕಿತ್ಸೆಯಲ್ಲ. ಪ್ರಯೋಗವಾಗಿ ಮಾಡಿದರೂ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹೊಲ ಮಾರಬೇಡಿ. ಬ್ಯಾಂಕಿನ ಓಟಿಪಿ ಯಾವ ಸಂಶೋಧಕರಿಗೂ ಬೇಕಾಗಿಲ್ಲ.

9. ಒಪ್ಪಿಗೆ ಯಾರದು

ಡಿಮೆನ್ಶಿಯಾ ಬಂದ ಮಾತ್ರಕ್ಕೆ ಒಪ್ಪುವ ಶಕ್ತಿ ಹೋಯಿತು ಎಂದಲ್ಲ. ಆರಂಭದಲ್ಲಿ ಹೆಚ್ಚಿನವರು ನಿಧಾನವಾಗಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಅವರ ಮನಸ್ಸು ತಿಳಿಯಾಗಿರುವ ಹೊತ್ತಿನಲ್ಲಿ, ಹೆಚ್ಚಾಗಿ ಬೆಳಿಗ್ಗೆ, ಸಣ್ಣ ಸಣ್ಣ ಮಾತಿನಲ್ಲಿ ವಿವರಿಸಲು ಹೇಳಿ. "ಈಗ ನೀವೇ ಹೇಳಿ, ಏನು ಮಾಡ್ತಾರಂತೆ?" ಎಂದು ತಿರುಗಿ ಕೇಳಿದರೆ ಅರ್ಥವಾಗಿದೆಯಾ ಎಂದು ಗೊತ್ತಾಗುತ್ತದೆ. ಮುಂದೆ ತಿಳಿಯದ ಸ್ಥಿತಿ ಬಂದಾಗ ಏನು ಮಾಡಬೇಕು ಎಂಬ ಅವರ ಇಷ್ಟವನ್ನೂ ಅವತ್ತೇ ಕೇಳಿ ಬರೆದಿಡಿ.

ಶಕ್ತಿ ನಿಜಕ್ಕೂ ಕುಗ್ಗಿದ್ದರೆ ಕಾನೂನು ಒಪ್ಪುವ ಪ್ರತಿನಿಧಿ, ಅಂದರೆ ಗಂಡ, ಹೆಂಡತಿ, ಮಗ, ಮಗಳಂಥವರು ಸಹಿ ಹಾಕಬಹುದು. ಆಗಲೂ ಹಿರಿಯರ ಇಷ್ಟ ಕೇಳಲೇಬೇಕು. ರಕ್ತ ತೆಗೆಯುವಾಗ ಕೈ ಹಿಂದೆಳೆದುಕೊಂಡರೆ, ಸ್ಕ್ಯಾನ್ ಕೋಣೆಗೆ ಹೋಗಲು ಒಪ್ಪದೆ ಅತ್ತರೆ, ಅದೂ ಬೇಡ ಎನ್ನುವ ಉತ್ತರವೇ. ಅವತ್ತಿಗೆ ನಿಲ್ಲಿಸಿ ಎಂದು ಹೇಳುವುದು ನಿಮ್ಮ ಕೆಲಸ.

ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಕೊಡಬೇಕಾಗಿಲ್ಲ. ಹೊರಬಂದರೂ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಆದರೆ ಔಷಧ ಪ್ರಯೋಗವಾದರೆ ಮಾತ್ರೆಯನ್ನು ಒಮ್ಮೆಲೇ ಬಿಡುವ ಮುಂಚೆ ಆ ತಂಡದ ಡಾಕ್ಟರಿಗೆ ಫೋನ್ ಮಾಡಿ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮಗೆ ಕೊಡಲೇಬೇಕು. ಅದನ್ನು ಆಸ್ಪತ್ರೆ ಫೈಲಿನಲ್ಲಿಡಿ, ಅದರಲ್ಲಿರುವ ನಂಬರನ್ನು ಮನೆಯಲ್ಲಿ ಇಬ್ಬರ ಫೋನಿನಲ್ಲಾದರೂ ಉಳಿಸಿಕೊಳ್ಳಿ.